74 ವರ್ಷದ ತಂದೆಯವರ ಪಿ.ಎಸ್.ಎ. 5.2: ಒಂದು ಲ್ಯಾಬ್‌ನಲ್ಲಿ ಹೆಚ್ಚು, ಇನ್ನೊಂದರಲ್ಲಿ ಸರಿ. ಯಾವುದನ್ನು ನಂಬಬೇಕು?

ಪ್ರಶ್ನೆ: ವಿದ್ಯಾನಗರ, ದಾವಣಗೆರೆ

ನಮ್ಮ ತಂದೆಯವರಿಗೆ ಈಗ 74 ವರ್ಷ. ಹೈಸ್ಕೂಲ್ ಮೇಷ್ಟರಾಗಿದ್ದು ನಿವೃತ್ತರಾದವರು. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ, ಸಕ್ಕರೆ ಕಾಯಿಲೆ ಇಲ್ಲ, ದಿನವೂ ಬೆಳಿಗ್ಗೆ ಕುಂದುವಾಡ ಕೆರೆಯ ಕಡೆಗೆ ವಾಕಿಂಗ್ ಹೋಗಿ ಬರುವಷ್ಟು ಗಟ್ಟಿಯಾಗಿದ್ದಾರೆ. ಎರಡು ಮೂರು ವರ್ಷಗಳಿಂದ ರಾತ್ರಿ ಮೂತ್ರಕ್ಕೆ ಏಳುವುದು ಹೆಚ್ಚಾಗಿದ್ದು, ಮೂತ್ರ ಸಣ್ಣಗೆ, ತಡೆತಡೆದು ಹೋಗುತ್ತದೆ ಎನ್ನುತ್ತಾರೆ. ಕಳೆದ ತಿಂಗಳು ಇಲ್ಲಿನ ಒಂದು ಲ್ಯಾಬ್‌ನಲ್ಲಿ ಪೂರ್ಣ ತಪಾಸಣೆ ಮಾಡಿಸಿದಾಗ ಪಿ.ಎಸ್.ಎ. (ಗಂಡಸರ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೇರುವ ಒಂದು ಪ್ರೋಟೀನ್) ಪ್ರತಿ ಮಿಲಿಲೀಟರಿಗೆ 5.2 ನ್ಯಾನೋಗ್ರಾಂ ಎಂದು ಬಂತು. ಪಕ್ಕದಲ್ಲಿ ಸಾಮಾನ್ಯ ಮಿತಿ 0ಯಿಂದ 4 ಎಂದು ಮುದ್ರಿಸಿ, ಫಲಿತಾಂಶವನ್ನು ದಪ್ಪ ಅಕ್ಷರದಲ್ಲಿ 'ಹೆಚ್ಚು' ಎಂದು ಗುರುತಿಸಿದ್ದರು. ಅಂದಿನಿಂದ ಮನೆಯಲ್ಲಿ ಯಾರಿಗೂ ಸಮಾಧಾನವಿಲ್ಲ.

ಚಿತ್ರದುರ್ಗದಲ್ಲಿರುವ ಅಕ್ಕ ತಂದೆಯವರನ್ನು ಅಲ್ಲಿಗೆ ಕರೆಸಿಕೊಂಡು ಬೇರೆ ಲ್ಯಾಬ್‌ನಲ್ಲಿ ಮತ್ತೊಮ್ಮೆ ರಕ್ತ ಕೊಡಿಸಿದಳು. ಅಲ್ಲಿ 5.1 ಬಂದಿದೆ. ಆದರೆ ಆ ರಿಪೋರ್ಟಿನಲ್ಲಿ ವಯಸ್ಸಿಗೆ ತಕ್ಕ ಪಟ್ಟಿಯೊಂದಿದ್ದು, 70ರಿಂದ 79 ವರ್ಷದವರಿಗೆ ಮಿತಿ 6.5 ಎಂದು ಬರೆದಿದೆ, ಯಾವ ಗುರುತನ್ನೂ ಹಾಕಿಲ್ಲ. ಹೆಚ್ಚುಕಡಿಮೆ ಒಂದೇ ಅಂಕಿ, ಒಂದು ಊರಿನಲ್ಲಿ ರೋಗದ ಸೂಚನೆ, ಇನ್ನೊಂದು ಊರಿನಲ್ಲಿ ಆರೋಗ್ಯ. ತಮ್ಮ "ಎರಡನೆಯದೇ ಸರಿ, ಇನ್ನು ಸುಮ್ಮನಿರೋಣ" ಎನ್ನುತ್ತಾನೆ. ಅಕ್ಕನಿಗೆ ಬಯಾಪ್ಸಿ (ಸೂಜಿಯಿಂದ ಗ್ರಂಥಿಯ ತುಣುಕು ತೆಗೆದು ನೋಡುವ ಪರೀಕ್ಷೆ) ಮಾಡಿಸಿಬಿಡಬೇಕೆಂಬ ಹಟ. ಸೂಜಿ ಚುಚ್ಚಿದರೆ ಇಲ್ಲದ ಕ್ಯಾನ್ಸರ್ ಕೂಡ ಹರಡುತ್ತದೆ ಎಂದು ನೆರೆಯವರು ಅಮ್ಮನನ್ನು ಹೆದರಿಸಿದ್ದಾರೆ. ವಯಸ್ಸಿಗೆ ತಕ್ಕ ಈ ಮಿತಿಗಳನ್ನು ಯಾರು, ಯಾವ ಆಧಾರದ ಮೇಲೆ ನಿಗದಿಪಡಿಸಿದರು, ಅವುಗಳ ಒಳಗಿದ್ದರೆ ನಿಜವಾಗಿಯೂ ನಿಶ್ಚಿಂತೆಯಿಂದ ಇರಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನಿವೃತ್ತ ಲ್ಯಾಬ್ ಟೆಕ್ನೀಷಿಯನ್, ಚಿತ್ರದುರ್ಗ

ಎರಡು ಲ್ಯಾಬ್‌ಗಳಲ್ಲಿ ಯಾವುದೂ ಸುಳ್ಳು ಹೇಳಿಲ್ಲ. ರಕ್ತ ಪರೀಕ್ಷೆಯ ಕೆಲಸದಲ್ಲಿಯೇ ಆಯುಷ್ಯ ಕಳೆದವನಾದ್ದರಿಂದ ಮಿತಿಗಳ ವಿಷಯವನ್ನಷ್ಟೇ ಹೇಳುತ್ತೇನೆ. ಚಿಕಿತ್ಸೆಯ ಮಾತನ್ನು ವೈದ್ಯರು ಹೇಳಲಿ.

4 ಎಂಬ ಅಂಕಿ ಹಳೆಯದು. 1980ರ ದಶಕದಲ್ಲಿ ಈ ಪರೀಕ್ಷೆ ಬಳಕೆಗೆ ಬಂದಾಗಿನಿಂದ ಅದೇ ಗೆರೆ ರೂಢಿಯಲ್ಲಿದ್ದು, 1994ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಕ್ಯಾನ್ಸರ್ ಪತ್ತೆಗೆ ನೆರವಾಗುವ ಪರೀಕ್ಷೆಯೆಂದು ಪಿ.ಎಸ್.ಎ.ಗೆ ಒಪ್ಪಿಗೆ ಕೊಟ್ಟಾಗಲೂ ಅದೇ ಉಳಿಯಿತು. ಆ ಗೆರೆ 45ರವನಿಗೂ 78ರವರಿಗೂ ಒಂದೇ. ಆದರೆ ಗಂಡಸರಿಗೆ ವಯಸ್ಸಾದಂತೆ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗುತ್ತ ಹೋಗುತ್ತದೆ, ಅದು ದಪ್ಪವಾದಷ್ಟೂ ಕ್ಯಾನ್ಸರ್ ಇಲ್ಲದಿದ್ದರೂ ರಕ್ತಕ್ಕೆ ಸೇರುವ ಪಿ.ಎಸ್.ಎ. ಹೆಚ್ಚುತ್ತದೆ. ಇದನ್ನು ಗಮನಿಸಿದ ಮೇಯೋ ಕ್ಲಿನಿಕ್‌ನ ವೈದ್ಯರು ಮಿನ್ನೆಸೋಟ ರಾಜ್ಯದ ಓಲ್ಮ್‌ಸ್ಟೆಡ್ ಕೌಂಟಿಯಲ್ಲಿ 40ರಿಂದ 79 ವರ್ಷದ, ಪ್ರಾಸ್ಟೇಟ್ ಕ್ಯಾನ್ಸರ್ ಇಲ್ಲವೆಂದು ಪರೀಕ್ಷಿಸಿ ಖಚಿತಪಡಿಸಿಕೊಂಡ 471 ಗಂಡಸರ ರಕ್ತವನ್ನು ಅಳೆದು, 1993ರಲ್ಲಿ ವಯಸ್ಸಿನ ಪಟ್ಟಿಯನ್ನು ಪ್ರಕಟಿಸಿದರು. 40ರ ದಶಕದವರಿಗೆ 2.5, 50ರ ದಶಕಕ್ಕೆ 3.5, 60ರ ದಶಕಕ್ಕೆ 4.5, 70ರ ದಶಕಕ್ಕೆ 6.5. ನಿಮ್ಮ ಅಕ್ಕ ಮಾಡಿಸಿದ ರಿಪೋರ್ಟಿನಲ್ಲಿರುವುದು ಇದೇ ಪಟ್ಟಿ.

ಈ ಅಂಕಿಗಳ ಹುಟ್ಟನ್ನು ಅರ್ಥಮಾಡಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಆ ವಯಸ್ಸಿನ ನೂರು ಆರೋಗ್ಯವಂತರನ್ನು ಪಿ.ಎಸ್.ಎ. ಪ್ರಮಾಣದ ಏರಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ 95ನೆಯವನ ಹತ್ತಿರ ಎಳೆದ ಗೆರೆ ಅದು. ಗೆರೆಯ ಈಚೆಗೆ ಕ್ಯಾನ್ಸರ್ ಇಲ್ಲ, ಆಚೆಗೆ ಇದೆ ಎಂಬ ಅರ್ಥ ಅದಕ್ಕೆ ಯಾವತ್ತೂ ಇರಲಿಲ್ಲ. ಊರು ಬದಲಾದರೆ ಗೆರೆಯೂ ಬದಲಾಗುತ್ತದೆ. 1995ರಲ್ಲಿ ಜಪಾನಿನ ಗಂಡಸರಲ್ಲಿ ಇದೇ ರೀತಿ ಅಳೆದಾಗ 70ರ ದಶಕಕ್ಕೆ ಸಿಕ್ಕ ಮೇಲ್ಮಿತಿ 6.5 ಅಲ್ಲ, 5.0. ಎಂದರೆ ನಿಮ್ಮ ತಂದೆಯವರ 5.2 ಮಿನ್ನೆಸೋಟದ ಪಟ್ಟಿಯಲ್ಲಿ ಒಳಗೆ, ಜಪಾನಿನ ಪಟ್ಟಿಯಲ್ಲಿ ಹೊರಗೆ. ನಮ್ಮ ಲ್ಯಾಬ್‌ಗಳು ಮುದ್ರಿಸುವ ಪಟ್ಟಿ ದಾವಣಗೆರೆ ಅಥವಾ ದುರ್ಗದ ಜನರನ್ನು ಅಳೆದು ಮಾಡಿದ್ದಲ್ಲ ಎಂಬುದನ್ನು ಮರೆಯಬಾರದು.

ಇನ್ನೊಂದು ಮಾತು. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಬೇರೆ ಬೇರೆ ಮಾನಕಕ್ಕೆ ಹೊಂದಿಸಿರುವುದರಿಂದ ಒಂದೇ ರಕ್ತಕ್ಕೆ ಶೇ. 20ರಷ್ಟು ವ್ಯತ್ಯಾಸ ಬರುವುದುಂಟು. ಮುಂದೆ ಮತ್ತೆ ಅಳೆಯಿಸುವುದಿದ್ದರೆ ಒಂದೇ ಲ್ಯಾಬ್‌ನಲ್ಲಿ ಅಳೆಯಿಸಿ, ಹಳೆಯ ರಿಪೋರ್ಟುಗಳನ್ನೆಲ್ಲ ಒಂದೇ ಕಡೆ ಜೋಡಿಸಿಡಿ. ಒಂಟಿ ಅಂಕಿಗಿಂತ ವರ್ಷದಿಂದ ವರ್ಷಕ್ಕೆ ಅದು ಏರಿದ ರೀತಿಯೇ ವೈದ್ಯರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಉತ್ತರ: ಹರಿಹರದಿಂದ ಒಬ್ಬ ಹಿರಿಯ

ನನಗೂ ನಿಮ್ಮ ತಂದೆಯವರ ವಯಸ್ಸೇ. ಒಮ್ಮೆ ನನ್ನ ಪಿ.ಎಸ್.ಎ. 11 ಬಂದು ಮಕ್ಕಳೆಲ್ಲ ಗಾಬರಿಯಾಗಿದ್ದರು. ಆಗ ನನಗೆ ಉರಿಮೂತ್ರವಿತ್ತು, ಚಳಿಜ್ವರವೂ ಇತ್ತು. ಮೂತ್ರದ ಸೋಂಕಿಗೆ ಔಷಧಿ ಕೊಟ್ಟ ವೈದ್ಯರು, ಸೋಂಕು ಪೂರ್ತಿ ಇಳಿದು ಆರು ವಾರ ಕಳೆದ ಮೇಲೆ ಮತ್ತೆ ನೋಡೋಣ ಎಂದರು. ಆಮೇಲೆ ನೋಡಿದಾಗ 3ರ ಆಸುಪಾಸಿಗೆ ಇಳಿದಿತ್ತು. ಮೂತ್ರ ಕಟ್ಟಿಕೊಂಡು ನಳಿಕೆ ಹಾಕಿಸಿಕೊಂಡವರಿಗೂ ಹೀಗೆ ಏರುತ್ತದೆಯಂತೆ. ರಕ್ತ ಕೊಡುವ ಹಿಂದಿನ ಎರಡು ದಿನ ದೂರದ ಸೈಕಲ್ ಸವಾರಿ ಬೇಡ, ದಾಂಪತ್ಯದ ಸಂಪರ್ಕವೂ ಬೇಡ ಎಂದು ನನಗೆ ಹೇಳಿದ್ದರು. ಇದನ್ನು ಹೇಳಲು ಮನೆಯವರು ಸಂಕೋಚಪಡುತ್ತಾರೆ, ಕೇಳಲು ಹಿರಿಯರೂ ಸಂಕೋಚಪಡುತ್ತಾರೆ. ಆದರೆ ತಿಳಿದಿರಲೇಬೇಕಾದ ವಿಷಯ.

ಒಂದು ಪ್ರಶ್ನೆ ಕೇಳುತ್ತೇನೆ. ಮೂತ್ರದ ತೊಂದರೆ ಎರಡು ಮೂರು ವರ್ಷಗಳಿಂದ ಇದೆ ಎಂದಿದ್ದೀರಿ. ಅದಕ್ಕೆ ತಂದೆಯವರು ಯಾವುದಾದರೂ ಮಾತ್ರೆ ನುಂಗುತ್ತಿದ್ದಾರೆಯೇ? ನನಗೆ ಕೊಟ್ಟಿದ್ದ ಒಂದು ಗುಳಿಗೆಯನ್ನು ತೋರಿಸಿ, ಇದು ಪಿ.ಎಸ್.ಎ.ಯನ್ನು ಇಳಿಸಿ ತೋರಿಸುತ್ತದೆ, ಯಾವ ವೈದ್ಯರ ಹತ್ತಿರ ಹೋದರೂ ಮೊದಲು ಈ ಹೆಸರು ಹೇಳಿ ಎಂದು ನಮ್ಮ ವೈದ್ಯರು ಬರೆದುಕೊಟ್ಟಿದ್ದರು.

ಪ್ರಶ್ನೆ ಕೇಳಿದವರು: ವಿದ್ಯಾನಗರ, ದಾವಣಗೆರೆ

ಹಿರಿಯರಿಗೆ ನಮಸ್ಕಾರ. ನೀವು ಕೇಳಿದ ಮೇಲೆ ತಂದೆಯವರ ಮಾತ್ರೆ ಡಬ್ಬಿಯನ್ನು ತೆಗೆದು ನೋಡಿದೆ. ರಾತ್ರಿ ಊಟವಾದ ಮೇಲೆ ನುಂಗುವ ಕ್ಯಾಪ್ಸೂಲ್ ಒಂದಿದೆ. ಅದರ ಮೇಲೆ ಟ್ಯಾಮ್ಸುಲೋಸಿನ್ ಮತ್ತು ಡ್ಯುಟಾಸ್ಟರೈಡ್ ಎಂದು ಎರಡು ಹೆಸರುಗಳಿವೆ. ಸುಮಾರು ಎರಡು ವರ್ಷಗಳಿಂದ ಬಿಡದೆ ತೆಗೆದುಕೊಳ್ಳುತ್ತಿದ್ದಾರೆ. ಎರಡೂ ಲ್ಯಾಬ್‌ಗಳಲ್ಲಿ ಇದನ್ನು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಉರಿಮೂತ್ರ, ಜ್ವರ ಇತ್ತೀಚೆಗೆ ಬಂದಿಲ್ಲ. ಹೊಟ್ಟೆಯ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಪ್ರಾಸ್ಟೇಟ್ ಗಾತ್ರ 58 ಸಿ.ಸಿ. ಎಂದಿದೆ. ಎರಡು ವರ್ಷದ ಹಿಂದಿನ ಪಿ.ಎಸ್.ಎ. ರಿಪೋರ್ಟ್ ನಮ್ಮ ಹತ್ತಿರ ಇಲ್ಲ.

ಉತ್ತರ: ವೈದ್ಯ, ದಾವಣಗೆರೆ

ಹರಿಹರದ ಹಿರಿಯರು ಕೇಳಿದ ಪ್ರಶ್ನೆಯೇ ಈ ಚರ್ಚೆಯ ತಿರುಳು. ಆ ಕ್ಯಾಪ್ಸೂಲ್‌ನ ಎರಡು ಔಷಧಿಗಳಲ್ಲಿ ಟ್ಯಾಮ್ಸುಲೋಸಿನ್ ಮೂತ್ರದ ದಾರಿಯ ಬಿಗಿತವನ್ನು ಸಡಿಲಿಸುತ್ತದೆ, ಪಿ.ಎಸ್.ಎ.ಯ ಮೇಲೆ ಅದರ ಪ್ರಭಾವ ಇಲ್ಲವೆನ್ನಬಹುದು. ಡ್ಯುಟಾಸ್ಟರೈಡ್ ಹಾಗಲ್ಲ. ಗ್ರಂಥಿಯನ್ನು ಬೆಳೆಸುವ ಹಾರ್ಮೋನಿನ ತಯಾರಿಕೆಯನ್ನೇ ತಡೆದು ಅದನ್ನು ಕುಗ್ಗಿಸುವ ಈ ಔಷಧಿ, ಆರು ತಿಂಗಳಿಂದ ಒಂದು ವರ್ಷದೊಳಗೆ ಪಿ.ಎಸ್.ಎ.ಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಫಿನಾಸ್ಟರೈಡ್ ಕೂಡ ಹೀಗೆಯೇ, ತಲೆಕೂದಲು ಉದುರುವುದಕ್ಕೆಂದು ಕಡಿಮೆ ಪ್ರಮಾಣದಲ್ಲಿ ಕೊಟ್ಟರೂ ಅದು ಪಿ.ಎಸ್.ಎ.ಯನ್ನು ಇಳಿಸುತ್ತದೆ. ಆದ್ದರಿಂದ ಇವುಗಳನ್ನು ವರ್ಷಗಟ್ಟಲೆ ತೆಗೆದುಕೊಂಡವರ ರಿಪೋರ್ಟನ್ನು ಓದುವಾಗ ಅಂಕಿಯನ್ನು ಎರಡರಿಂದ ಗುಣಿಸಿ ನೋಡುವುದು ವೈದ್ಯರ ರೂಢಿ. ನಿಮ್ಮ ತಂದೆಯವರ 5.2ನ್ನು 10.4 ಎಂದು ಓದಬೇಕು. ಆಗ ಅದು 4ರ ಮಿತಿಗೂ ಹೊರಗೆ, 6.5ರ ಮಿತಿಗೂ ಹೊರಗೆ. ನಿಮ್ಮ ಎರಡು ಲ್ಯಾಬ್‌ಗಳ ಜಗಳ ಅಲ್ಲಿಗೆ ಮುಗಿಯಿತು.

ಇದರಿಂದ ಕ್ಯಾನ್ಸರ್ ಇದೆ ಎಂದಾಗುವುದಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ದಪ್ಪವಾದ ಗ್ರಂಥಿಯೊಂದೇ ಇಷ್ಟು ಅಂಕಿಯನ್ನು ಕೊಡಬಲ್ಲದು. ಆದರೆ ಸುಮ್ಮನಿರುವುದು ಈಗ ಸರಿಯಾದ ದಾರಿ ಅಲ್ಲ ಎಂಬುದನ್ನು ಮಾತ್ರ ನಾನು ಖಚಿತವಾಗಿ ಹೇಳುತ್ತೇನೆ.

ವಯಸ್ಸಿಗೆ ತಕ್ಕ ಮಿತಿಗಳ ಬಗ್ಗೆ ನನ್ನ ಅಭಿಪ್ರಾಯವನ್ನೂ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅವುಗಳನ್ನು ಸಾರಾಸಗಟಾಗಿ ತಳ್ಳಿಹಾಕುವುದು ಎಷ್ಟು ತಪ್ಪೋ ಕಣ್ಣುಮುಚ್ಚಿ ನಂಬುವುದೂ ಅಷ್ಟೇ ತಪ್ಪು. ಹಿರಿಯರಿಗೆ ಮಿತಿಯನ್ನು ಏರಿಸುವುದರ ಹಿಂದೆ ಒಳ್ಳೆಯ ಉದ್ದೇಶವಿದೆ. 70 ದಾಟಿದವರಲ್ಲಿ 4ರ ಗೆರೆಯನ್ನೇ ಹಿಡಿದು ಕೂತರೆ, ಗ್ರಂಥಿ ದಪ್ಪವಾದ ಸಾವಿರಾರು ಜನರಿಗೆ ಬೇಡದ ಬಯಾಪ್ಸಿಯಾಗುತ್ತದೆ, ಅದರಿಂದ ರಕ್ತಸ್ರಾವ, ಸೋಂಕು, ಮನಸ್ಸಿನ ತಳಮಳ ಎಲ್ಲವೂ ಬರುತ್ತವೆ. ಅಷ್ಟೇ ಅಲ್ಲ, ಬೇರೆ ಕಾರಣಗಳಿಂದ ತೀರಿಕೊಂಡ ವಯೋವೃದ್ಧರ ಪ್ರಾಸ್ಟೇಟ್ ಗ್ರಂಥಿಗಳನ್ನು ಪರೀಕ್ಷಿಸಿದಾಗ, ಬದುಕಿದ್ದಷ್ಟು ದಿನ ಯಾವ ತೊಂದರೆಯನ್ನೂ ಕೊಡದ ಸಣ್ಣ ಕ್ಯಾನ್ಸರ್ ಬಹಳ ಜನರಲ್ಲಿ ಕಂಡುಬಂದಿದೆ. ಅಂಥದ್ದನ್ನು ಹುಡುಕಿ ತೆಗೆದು ಚಿಕಿತ್ಸೆ ಮಾಡಿದರೆ ಮೂತ್ರ ಹಿಡಿತ ತಪ್ಪುವುದು, ಲೈಂಗಿಕ ಶಕ್ತಿ ಕುಂದುವುದು ಮುಂತಾದ ನಷ್ಟಗಳೇ ಉಳಿಯುತ್ತವೆ. ಅಮೆರಿಕದ ತಡೆಗಟ್ಟುವ ಸೇವೆಗಳ ಕಾರ್ಯಪಡೆ 2018ರಲ್ಲಿ, 55ರಿಂದ 69ರವರೆಗಿನವರು ವೈದ್ಯರೊಂದಿಗೆ ಚರ್ಚಿಸಿ ತಾವೇ ನಿರ್ಧರಿಸಲಿ, 70 ದಾಟಿದವರಿಗೆ ವಾಡಿಕೆಯ ಪಿ.ಎಸ್.ಎ. ತಪಾಸಣೆ ಬೇಡ ಎಂದು ಹೇಳಿದ್ದು ಇದೇ ಕಾರಣಕ್ಕೆ.

ಆದರೆ ಮಿತಿಯ ಒಳಗಿರುವುದು ಅಭಯವಲ್ಲ. 2004ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ವರ್ಷಗಟ್ಟಲೆ ಪಿ.ಎಸ್.ಎ. 4ಕ್ಕಿಂತ ಮೇಲೇರದೆ, ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡುವ ಪರೀಕ್ಷೆಯಲ್ಲೂ ಏನೂ ಕಾಣದ ಸುಮಾರು ಮೂರು ಸಾವಿರ ಹಿರಿಯರಿಗೆ ಬಯಾಪ್ಸಿ ಮಾಡಿದಾಗ ಶೇ. 15ರಷ್ಟು ಜನರಲ್ಲಿ ಕ್ಯಾನ್ಸರ್ ಇತ್ತು. ಅದರಲ್ಲಿ ಹೆಚ್ಚಿನವು ಮಂದಗತಿಯವು, ಕೆಲವು ಉಗ್ರವಾದವು. ಯಾವ ಅಂಕಿಯ ಕೆಳಗೂ ಅಪಾಯ ಸೊನ್ನೆಯಲ್ಲ. ಮಿತಿಯನ್ನು ಏರಿಸಿದರೆ ಬೇಡದ ಬಯಾಪ್ಸಿ ಕಡಿಮೆಯಾಗುತ್ತದೆ, ಜೊತೆಗೆ ಹಿಡಿಯಬೇಕಾದ ಕೆಲವು ಕ್ಯಾನ್ಸರ್‌ಗಳೂ ಕೈತಪ್ಪುತ್ತವೆ.

ಇಲ್ಲಿ ಒಂದು ವ್ಯತ್ಯಾಸವನ್ನು ಒತ್ತಿ ಹೇಳುತ್ತೇನೆ. ಯಾವ ತೊಂದರೆಯೂ ಇಲ್ಲದವರಿಗೆ ಸುಮ್ಮನೆ ಮಾಡುವುದು ತಪಾಸಣೆ. ನಿಮ್ಮ ತಂದೆಯವರಿಗೆ ಮೂತ್ರದ ತೊಂದರೆ ಇದೆ, ಆದ್ದರಿಂದ 70 ದಾಟಿದವರಿಗೆ ತಪಾಸಣೆ ಬೇಡ ಎಂಬ ಸಲಹೆ ಅವರಿಗೆ ನೇರವಾಗಿ ಅನ್ವಯಿಸುವುದಿಲ್ಲ. ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿಗಳನ್ನು ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಿಂದ ಸೂಚಿಸಿರುವ ವಯಸ್ಸಿನ ಮಿತಿಗಳು ಕೂಡ ರೋಗಲಕ್ಷಣ ಇರುವವರಿಗೆ, ಯಾರನ್ನು ತಜ್ಞರ ಬಳಿಗೆ ಬೇಗ ಕಳಿಸಬೇಕು ಎಂದು ನಿರ್ಧರಿಸಲು ಮಾಡಿದವು. ಅಲ್ಲಿಯೂ 70ರ ದಶಕಕ್ಕೆ 6.5 ಎಂದೇ ಇದೆ, 79 ದಾಟಿದವರಿಗೆ ಅಂಕಿಯನ್ನೇ ಕೊಡದೆ ವೈದ್ಯರ ವಿವೇಚನೆಗೆ ಬಿಟ್ಟಿದ್ದಾರೆ. ಆ ವಯಸ್ಸಿನಲ್ಲಿ ರಕ್ತದ ಅಂಕಿಗಿಂತ ಮನುಷ್ಯನ ಒಟ್ಟು ಆರೋಗ್ಯವೇ ಮುಖ್ಯ ಎಂಬುದನ್ನು ಒಪ್ಪಿಕೊಂಡಿರುವ ಈ ಮಾತು ನನಗೆ ಬಹಳ ಸರಿ ಎನಿಸುತ್ತದೆ. ಹೃದಯ ದುರ್ಬಲವಾಗಿ ಹಾಸಿಗೆ ಹಿಡಿದ 74ರವರಿಗೂ, ಕೆರೆಯವರೆಗೆ ನಡೆದು ಬರುವ ನಿಮ್ಮ ತಂದೆಯವರಿಗೂ ಒಂದೇ ಸಲಹೆಯನ್ನು ನಾನು ಕೊಡಲಾರೆ. ಇನ್ನು ಹತ್ತು ವರ್ಷ ಬಾಳುವ ಲಕ್ಷಣವಿರುವವರಲ್ಲಿ ಉಗ್ರವಾದ ಕ್ಯಾನ್ಸರ್ ಇದ್ದರೆ ಅದನ್ನು ಹುಡುಕುವುದರಿಂದ ಪ್ರಯೋಜನವಿದೆ.

ಈಗ ಮಾಡಬೇಕಾದ್ದು. ಕ್ಯಾಪ್ಸೂಲನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ಮೂತ್ರ ಕಟ್ಟಿಕೊಂಡರೆ ಅದೊಂದು ಬೇರೆ ಸಂಕಟ. ಮಾತ್ರೆ ಡಬ್ಬಿ, ಎರಡೂ ರಿಪೋರ್ಟು, ಸ್ಕ್ಯಾನಿಂಗ್ ಹಾಳೆ ಇಷ್ಟನ್ನೂ ಹಿಡಿದು ಯುರಾಲಜಿಸ್ಟರನ್ನು (ಮೂತ್ರಾಂಗದ ತಜ್ಞರನ್ನು) ಕಾಣಿ. ನಮ್ಮ ಊರಿನಲ್ಲಿಯೇ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ಮೊದಲ ಭೇಟಿಗೇ ಬೆಂಗಳೂರಿಗೆ ಓಡಬೇಕಾದ ಅಗತ್ಯವಿಲ್ಲ. ಔಷಧಿ ಶುರು ಮಾಡುವ ಮುನ್ನ ಪಿ.ಎಸ್.ಎ. ನೋಡಿದ್ದರೇ ಎಂದು ಅದನ್ನು ಬರೆದುಕೊಟ್ಟ ವೈದ್ಯರನ್ನು ಕೇಳಿ, ಏಕೆಂದರೆ ಈ ಔಷಧಿಯ ಮೇಲೆ ಇಳಿದ ಪಿ.ಎಸ್.ಎ. ಮತ್ತೆ ಏರತೊಡಗಿದರೆ, ಅಂಕಿ ಮಿತಿಯೊಳಗೇ ಇದ್ದರೂ ಅದು ಎಚ್ಚರಿಕೆಯ ಗಂಟೆ. ಯುರಾಲಜಿಸ್ಟರು ಬೆರಳಿನಿಂದ ಗುದದ್ವಾರದ ಮೂಲಕ ಗ್ರಂಥಿಯನ್ನು ಮುಟ್ಟಿ ನೋಡುತ್ತಾರೆ. ತಂದೆಯವರು ಮುಜುಗರಪಡಬಹುದು, ಅರ್ಧ ನಿಮಿಷದ ಪರೀಕ್ಷೆ ಎಂದು ಮೊದಲೇ ಹೇಳಿಟ್ಟಿರಿ. ಗಟ್ಟಿ ಗಂಟು ಕೈಗೆ ಸಿಕ್ಕರೆ ಪಿ.ಎಸ್.ಎ. ಎಷ್ಟೇ ಇದ್ದರೂ ಮುಂದಿನ ಪರೀಕ್ಷೆ ಬೇಕೇ ಬೇಕು.

ಗ್ರಂಥಿಯ ಗಾತ್ರ ತಿಳಿದಿರುವುದು ಒಳ್ಳೆಯದಾಯಿತು. ಪಿ.ಎಸ್.ಎ.ಯನ್ನು ಗಾತ್ರದಿಂದ ಭಾಗಿಸಿದರೆ ಸಿಗುವುದನ್ನು ಪಿ.ಎಸ್.ಎ. ಸಾಂದ್ರತೆ ಎನ್ನುತ್ತಾರೆ, 0.15 ದಾಟಿದರೆ ಸಂಶಯ ಹೆಚ್ಚು. 5.2ನ್ನು 58ರಿಂದ ಭಾಗಿಸಿದರೆ 0.09, ನಿರಾಳ. 10.4ನ್ನು ಭಾಗಿಸಿದರೆ ಸುಮಾರು 0.18, ನಿರಾಳವಲ್ಲ. ಔಷಧಿ ಗಾತ್ರವನ್ನೂ ಕುಗ್ಗಿಸಿರುವುದರಿಂದ ಈ ಲೆಕ್ಕ ಕರಾರುವಾಕ್ಕಲ್ಲ, ಆದರೂ ಎತ್ತ ಬೊಟ್ಟು ಮಾಡುತ್ತಿದೆ ಎಂಬುದು ಕಾಣುತ್ತದೆ.

ಹಾಗಾಗಿ ನೇರವಾಗಿ ಬಯಾಪ್ಸಿಗೆ ಹೋಗುವ ಮುನ್ನ ಎಂ.ಆರ್.ಐ. ಮಾಡಿಸುವುದು ಈಗಿನ ಕ್ರಮ. ಅದರ ವರದಿಯಲ್ಲಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 4 ಅಥವಾ 5 ಬಂದರೆ ಆ ಜಾಗಕ್ಕೇ ಗುರಿಯಿಟ್ಟು ಬಯಾಪ್ಸಿ ಮಾಡಬೇಕಾಗುತ್ತದೆ, 1 ಅಥವಾ 2 ಬಂದರೆ ಅನೇಕರಿಗೆ ಬಯಾಪ್ಸಿಯನ್ನು ತಪ್ಪಿಸಿ ಕಾದು ನೋಡಬಹುದು. ಸೂಜಿ ಚುಚ್ಚಿದರೆ ಹರಡುತ್ತದೆ ಎಂಬ ನೆರೆಯವರ ಮಾತಿಗೆ ತಾಯಿಯವರು ಹೆದರಬೇಕಾಗಿಲ್ಲ. ಇಲ್ಲದ ಕ್ಯಾನ್ಸರ್ ಸೂಜಿಯಿಂದ ಹುಟ್ಟುವುದಿಲ್ಲ, ಇರುವುದು ಸೂಜಿಯ ದಾರಿಯಲ್ಲಿ ಹರಡುವುದು ಅತಿ ವಿರಳ. ಬಯಾಪ್ಸಿಯ ನಿಜವಾದ ಅಪಾಯ ಸೋಂಕು. ಗುದದ್ವಾರದ ಬದಲು ವೃಷಣದ ಹಿಂದಿನ ಚರ್ಮದ ಮೂಲಕ ಸೂಜಿ ಹಾಕಿದರೆ ಆ ಅಪಾಯ ಕಡಿಮೆ, ಆ ಸೌಲಭ್ಯವಿದೆಯೇ ಎಂದು ಕೇಳಿ.

ಕ್ಯಾನ್ಸರ್ ಎಂದು ಬಂದರೂ ಎಲ್ಲಕ್ಕೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಬ್ರಿಟನ್ನಿನಲ್ಲಿ 50ರಿಂದ 69 ವರ್ಷದ 1643 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ವಿಕಿರಣ, ಇನ್ನೊಂದಕ್ಕೆ ನಿಗಾ ಮಾತ್ರ ಎಂದು ಹಂಚಿ ಸುಮಾರು 15 ವರ್ಷ ಗಮನಿಸಿದ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ಆ ಕ್ಯಾನ್ಸರಿನಿಂದಲೇ ತೀರಿಕೊಂಡವರು ಮೂರೂ ಗುಂಪುಗಳಲ್ಲಿ ನೂರಕ್ಕೆ ಮೂವರ ಆಸುಪಾಸು. ಗ್ರಂಥಿಯೊಳಗೇ ಉಳಿದಿರುವ, ಮಂದಗತಿಯ ರೋಗಕ್ಕೆ ಈ ಮಾತು. ಉಗ್ರವಾದದ್ದಕ್ಕೆ ಇದು ಸಲ್ಲದು. ತಂದೆಯವರಿಗೆ ಹೊಸದಾಗಿ ನಡು ನೋವು, ಮೂಳೆ ನೋವು, ಮೂತ್ರದಲ್ಲಿ ರಕ್ತ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ವಾರಗಟ್ಟಲೆ ಕಾಯಬೇಡಿ. ನಮ್ಮ ಭಾಗದಲ್ಲಿ ವಯಸ್ಸಾದವರ ನಡು ನೋವಿಗೆ ಎಣ್ಣೆ ಹಚ್ಚಿ, ನೋವಿನ ಮಾತ್ರೆ ನುಂಗಿಸಿ ತಿಂಗಳುಗಳನ್ನು ಕಳೆದು, ಈ ರೋಗ ಬೆನ್ನುಮೂಳೆಗೆ ಇಳಿದ ಮೇಲೆ ಕರೆತರುವವರನ್ನು ಕಂಡು ನನಗೆ ಬಹಳ ಸಂಕಟವಾಗಿದೆ.

ಪ್ರಶ್ನೆ ಕೇಳಿದವರು: ವಿದ್ಯಾನಗರ, ದಾವಣಗೆರೆ

ಡಾಕ್ಟರೇ, ತುಂಬಾ ಉಪಕಾರವಾಯಿತು. ಸೋಮವಾರ ಯುರಾಲಜಿಸ್ಟರ ಬಳಿಗೆ ಹೋಗುತ್ತೇವೆ. ಅಕ್ಕನಿಗೂ ತಮ್ಮನಿಗೂ ಇದನ್ನು ಓದಿಸಿದ್ದೇನೆ, ಇಬ್ಬರೂ ಎಂ.ಆರ್.ಐ.ಗೆ ಒಪ್ಪಿದ್ದಾರೆ. ಒಂದೇ ಒಂದು ಸಂಶಯ ಉಳಿದಿದೆ. ತಮ್ಮನಿಗೆ 47 ವರ್ಷ. ಅವನೂ ಪರೀಕ್ಷೆ ಮಾಡಿಸಬೇಕೇ?

ಉತ್ತರ: ವೈದ್ಯ, ದಾವಣಗೆರೆ

ಮೊದಲು ತಂದೆಯವರ ಫಲಿತಾಂಶ ಬರಲಿ. ತಂದೆಗೆ ಅಥವಾ ಅಣ್ಣತಮ್ಮಂದಿರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದರೆ ಅಪಾಯ ಸುಮಾರು ಎರಡು ಪಟ್ಟು ಆಗುವುದರಿಂದ, ತಂದೆಯವರಿಗೆ ರೋಗ ಖಚಿತವಾದರೆ ನಿಮ್ಮ ತಮ್ಮ ಈ ವಯಸ್ಸಿನಲ್ಲಿಯೇ ಒಮ್ಮೆ ಪಿ.ಎಸ್.ಎ. ನೋಡಿಸುವುದು ಒಳ್ಳೆಯದು. ಹಾಗೆ ನೋಡಿಸಿದಾಗ ರಿಪೋರ್ಟಿನಲ್ಲಿ 0ಯಿಂದ 4 ಎಂಬ ಮಿತಿಯನ್ನು ಕಂಡು ನಿಶ್ಚಿಂತರಾಗಬಾರದು. 40ರ ದಶಕದವರಿಗೆ ವಯಸ್ಸಿನ ಪಟ್ಟಿಯ ಮೇಲ್ಮಿತಿ 2.5. ಅವರಿಗೆ 3.2 ಬಂದರೆ ಒಂದೇ ಮಿತಿಯ ಲ್ಯಾಬ್ ಯಾವ ಗುರುತನ್ನೂ ಹಾಕುವುದಿಲ್ಲ, ಆದರೆ ಗ್ರಂಥಿ ಇನ್ನೂ ದಪ್ಪವಾಗದ ಆ ವಯಸ್ಸಿನಲ್ಲಿ 3.2 ಬಂದರೆ, 74ರವರಿಗೆ 5.2 ಬಂದುದಕ್ಕಿಂತ ಹೆಚ್ಚು ಗಮನ ಕೊಡಬೇಕು. ಕೂದಲಿಗೆಂದು ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮುನ್ನ ಅದನ್ನೂ ಹೇಳಲಿ.